ಕಟ್ಟುಮರ, ಕುಮಟಾ ಹತ್ತಿ ಮತ್ತು ನವಲಗುಂದದ ಚಕ್ಕಡಿ

ಕ್ಯಾಟಮರಾನ್ ಅನ್ನುವ ಪದವನ್ನು ಕನ್ನಡದವರಿಗೆ ಬಿಡಿಸಿ ಹೇಳುವುದೇ ಬೇಡ. ಕಟ್ಟು, ಮರ. ಅಷ್ಟೇ! ತಮಿಳರ ‘ಕಟ್ಟುಮರಂ’ ಇಂಗ್ಲಿಷರ ಬಾಯಿಗೆ ಬಿದ್ದು ಹಾಗಾಯಿತು. ಮೂಲದಲ್ಲಿ ಅದು ನಾಲ್ಕಾರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ. ಈಗ ಲೋಕವೆಲ್ಲ ಆ ಹೆಸರಿನಿಂದ ಕರೆಯುವುದು ಎರಡು ಒಡಲಿನ ಜೋಡಿ ದೋಣಿಯನ್ನು. ಹಾಗೆ ನೋಡಿದರೆ ನಮ್ಮ ಕರಾವಳಿಯ ಹೊಳೆಗಳಲ್ಲಿ ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ, ಗಾಡಿ ಸಮೇತ ಜನರನ್ನು ದಾಟಿಸುತ್ತಿದ್ದ ‘ಜಂಗಲ್’ ಈ ಅರ್ಥಕ್ಕೆ ಹೆಚ್ಚು ಹತ್ತಿರ. ಇರಲಿ.

ಪಶ್ಚಿಮದ ದೇಶಗಳಲ್ಲಿ ಇಂಥ ಜೋಡಿ ದೋಣಿ ಇಟ್ಟುಕೊಂಡವರಿಗೆ ಚಳಿಗಾಲ ಬಂತೆಂದರೆ ಬೇರೆಯೇ ಕೆಲಸ. ದೋಣಿಯನ್ನು ದಡಕ್ಕೆ ಎಳೆದು, ಕಂಬ ಇಳಿಸಿ, ಹಾಯಿ ತೊಳೆದು ಮಡಚಿ, ಹಗ್ಗಗಳನ್ನು ಒಂದೊಂದಾಗಿ ತಡವಿ ನೋಡಿ, ತಳದ ಬಿರುಕು ಮುಚ್ಚಿ, ಮೇಲೆ ತಾಡಪತ್ರಿ ಹೊದಿಸುತ್ತಾರೆ. ಆಮೇಲೆ ಬೆಚ್ಚಗೆ ಕೂತು ನಕ್ಷೆ ಓದುವುದು, ಗಂಟು ಹಾಕುವುದನ್ನು ಕಲಿಯುವುದು, ಮುಂದಿನ ಬೇಸಿಗೆಯ ಕನಸು. ಇದನ್ನು ಓದಿದಾಗ ನನಗೆ ಹೊಳೆದ ಪ್ರಶ್ನೆ: ನಮ್ಮ ಕಡಲಿನವರಿಗೆ ಈ ಬಿಡುವಿನ ಕಾಲ ಯಾವಾಗ?

“ಏನಪಾ, ನವಲಗುಂದದಾಂವ ನೀ, ನಿನಗ್ಯಾಕ ಬೇಕು ದೋಣಿ ಸುದ್ದಿ?” ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಕಡೆ ಹರಿಯುವ ನೀರೆಂದರೆ ಬೆಣ್ಣೆಹಳ್ಳ, ತುಪ್ಪರಿ ಹಳ್ಳ. ಬೇಸಿಗೆಯಲ್ಲಿ ಅವುಗಳಲ್ಲಿ ದನ ಮೈ ತೊಳೆಯುವುದಕ್ಕೂ ನೀರಿರುವುದಿಲ್ಲ, ಮಳೆಗಾಲದಲ್ಲಿ ಊರೂರನ್ನೇ ಎಬ್ಬಿಸುತ್ತವೆ. ಆದರೆ ಒಂದು ಕಾಲದಲ್ಲಿ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲದ ರೈತನ ವರ್ಷದ ದುಡ್ಡು ಕೈಗೆ ಬರುತ್ತದೋ ಇಲ್ಲವೋ ಎಂಬುದು ಅರಬ್ಬಿ ಸಮುದ್ರದಲ್ಲಿ ಹಡಗುಗಳನ್ನು ಯಾವಾಗ ದಡಕ್ಕೆ ಎಳೆಯುತ್ತಾರೆ ಎಂಬುದರ ಮೇಲೆ ನಿಂತಿತ್ತು.

ಹತ್ತಿಯ ಹೆಸರಿನಲ್ಲೇ ಅದರ ಸಾಕ್ಷಿ ಇದೆ. ಧಾರವಾಡ ಸೀಮೆಯ ನಾಟಿ ಹತ್ತಿಗೆ ಮುಂಬಯಿ ಮಾರುಕಟ್ಟೆಯಲ್ಲಿ, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಲ್ಲಿ ಇದ್ದ ಹೆಸರು ‘ಕುಮಟಾ ಹತ್ತಿ’. ಕುಮಟಾದಲ್ಲಿ ಹತ್ತಿ ಬೆಳೆಯುತ್ತದೆಯೇ? ಆ ಮಳೆಗೆ, ಆ ಮಣ್ಣಿಗೆ ತೆಂಗು, ಅಡಿಕೆ, ಭತ್ತ ಬಿಟ್ಟರೆ ಹತ್ತಿ ಎಲ್ಲಿಂದ ಬರಬೇಕು! ಬೆಳೆದವರು ನಾವು, ಹೆಸರು ಹಡಗು ಹತ್ತಿಸಿದ ಊರಿಗೆ. ಬ್ಯಾಡಗಿ ಮೆಣಸಿನಕಾಯಿಗೆ ಕನಿಷ್ಠ ಪೇಟೆಯ ಹೆಸರಾದರೂ ನಮ್ಮದೇ ಸೀಮೆಯದು. ಹತ್ತಿಗೆ ಆ ಪುಣ್ಯವೂ ಸಿಗಲಿಲ್ಲ.

ಲೆಕ್ಕ ಹೀಗಿತ್ತು. ಎರಿ ಭೂಮಿಯ ಹತ್ತಿಯನ್ನು ಆಗಸ್ಟ್-ಸೆಪ್ಟೆಂಬರಿನಲ್ಲಿ ಬಿತ್ತುತ್ತಾರೆ. ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಬಿಡಿಸಿದ್ದನ್ನು ಒಣಗಿಸಿ, ಕಾಳು ಬೇರ್ಪಡಿಸಿ, ಅರಳೆಯನ್ನು ಅಂಡಿಗೆ ತುಂಬಿ ಚಕ್ಕಡಿಗೆ ಹೇರುವ ಹೊತ್ತಿಗೆ ಮಾರ್ಚ್ ಬಂದೇ ಬಿಡುತ್ತದೆ. ರೋಹಿಣಿ ಮಳೆ ಮೇ ಕೊನೆಯಲ್ಲಿ, ಮೃಗಶಿರ ಜೂನ್ ಎರಡನೇ ವಾರದಲ್ಲಿ. ಅಷ್ಟರಲ್ಲಿ ಕುಮಟಾದಂಥ ತೆರೆದ ಬಂದರಿನಲ್ಲಿ ಒಂದು ಹಡಗೂ ನಿಲ್ಲುವುದಿಲ್ಲ. ನವಲಗುಂದದಿಂದ ಹುಬ್ಬಳ್ಳಿ, ಶಿರಸಿ, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹತ್ತಿರ ಹತ್ತಿರ 200 ಕಿಲೋಮೀಟರು. ಹೇರು ಹೊತ್ತ ಚಕ್ಕಡಿ ದಿನಕ್ಕೆ ಹದಿನೈದು-ಇಪ್ಪತ್ತು ಕಿಲೋಮೀಟರು ನಡೆದರೆ ಹೆಚ್ಚು. ಅಂದರೆ ಹೋಗಲಿಕ್ಕೆ ಹನ್ನೊಂದು-ಹನ್ನೆರಡು ದಿನ, ಬರಲಿಕ್ಕೆ ಅಷ್ಟೇ, ನಡುವೆ ಎತ್ತುಗಳಿಗೆ ಎರಡು ದಿನ ವಿಶ್ರಾಂತಿ. ಒಂದು ಸುತ್ತಿಗೆ ತಿಂಗಳು ಹಿಡಿಯಿತು. ಹೀಗಾಗಿ ಮಾರ್ಚಿನಿಂದ ಮೇ ತನಕ ಒಂದು ಚಕ್ಕಡಿ ಮಾಡಬಹುದಾದ ಸುತ್ತು ಎರಡು, ಬಹಳವೆಂದರೆ ಮೂರು. ದಾರಿಯಲ್ಲಿ ಅಚ್ಚು ಮುರಿದರೆ ಒಂದು ಸುತ್ತು ಹೋದಂತೆ. ಅಚ್ಚು ಮುರಿಯುವುದು ಬಿಡುವುದು ಹಿಂದಿನ ಮಳೆಗಾಲದಲ್ಲಿ ಬಡಿಗೇರನ ಮನೆಯ ಮುಂದೆ ಏನು ಕೆಲಸ ನಡೆದಿತ್ತು ಎಂಬುದರ ಮೇಲಿತ್ತು.

ಈ ಬಡಿಗತನದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಇತಿಹಾಸದ ಪುಸ್ತಕಗಳಲ್ಲಿ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರಿಗೆ ಸಿಕ್ಕ ಜಾಗದಲ್ಲಿ ನೂರರಲ್ಲಿ ಒಂದು ಪಾಲೂ ಇದಕ್ಕೆ ಸಿಕ್ಕಿಲ್ಲ. ಮಳೆ ಹಿಡಿದರೆ ಎರಿ ಮಣ್ಣಿನಲ್ಲಿ ಚಕ್ಕಡಿ ನಡೆಯುವುದಿಲ್ಲ. ಗಾಲಿಗೆ ಮಣ್ಣು ಮೆತ್ತಿಕೊಂಡು ಗಾಲಿಯೇ ಎರಡು ಪಟ್ಟು ದಪ್ಪವಾಗುತ್ತದೆ, ಎತ್ತು ಮಂಡಿಯೂರುತ್ತವೆ. ಆ ತಿಂಗಳುಗಳಲ್ಲಿ ಗಾಲಿ ಕಳಚಿ ಒಳಗೆ ಇಡುವುದು, ಸವೆದ ಅರಗಳನ್ನು ಬದಲಿಸುವುದು, ಹೊಸ ನೊಗಕ್ಕೆ ಮರ ನೋಡುವುದು. ಮರವೆಂದರೆ ಹೆಚ್ಚಾಗಿ ಬದುವಿನ ಮೇಲಿನ ಕರಿಜಾಲಿ, ತೇಗ ಬೇಕಿದ್ದರೆ ಕಲಘಟಗಿ ಕಡೆಯ ಕಾಡಂಚು. ಬಣ್ಣದ ತೊಟ್ಟಿಲಿಗೆ ಕಲಘಟಗಿ ಹೆಸರಾದದ್ದು ಸುಮ್ಮನೆ ಅಲ್ಲ, ಮರ ಅಲ್ಲೇ ಇತ್ತು, ಕೈಯೂ ಅಲ್ಲೇ ಪಳಗಿತ್ತು. ಬಡಿಗೇರನಿಗೂ ಕಮ್ಮಾರನಿಗೂ ಕೂಲಿ ದುಡ್ಡಿನಲ್ಲಲ್ಲ, ಸುಗ್ಗಿಯಲ್ಲಿ ಆಯದ ಜೋಳ.

ಹಳಿ ಏರಿಸುವುದನ್ನು ನೋಡಿದವರು ಮರೆಯುವುದಿಲ್ಲ. ಕುಳ್ಳಿನ ಬೆಂಕಿಯಲ್ಲಿ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ಗಾಲಿಗೆ ಕೂರಿಸಿ, ಭುಸ್ಸೆಂದು ನೀರು ಹೊಯ್ಯುವುದು. ಕಬ್ಬಿಣ ಕುಗ್ಗಿ ಗಾಲಿಯನ್ನು ಕಚ್ಚುತ್ತದೆ. ಆದರೆ ಬೇಸಿಗೆಯ ಬಿಸಿಲಿಗೆ ಮರವೂ ಒಣಗಿ ಕುಗ್ಗುತ್ತದಲ್ಲ, ಆಗ ಹಳಿ ಸಡಿಲಾಗಿ ಕಟಕಟ ಅನ್ನಲು ಶುರು. ಅದಕ್ಕೇ ದಾರಿಯಲ್ಲಿ ಹಳ್ಳ ಸಿಕ್ಕಲ್ಲೆಲ್ಲ ಚಕ್ಕಡಿಯನ್ನು ನೀರಿನಲ್ಲಿ ನಿಲ್ಲಿಸಿ ಗಾಲಿ ನೆನೆಸುತ್ತಿದ್ದರು. ಎತ್ತಿಗೂ ನೀರು, ಗಾಲಿಗೂ ನೀರು!

ಈಗ ಘಟ್ಟದ ಕೆಳಗೆ ಬನ್ನಿ. ಕುಮಟಾದಿಂದ ಮುಂಬಯಿಗೆ ಹತ್ತಿ ಒಯ್ಯುತ್ತಿದ್ದವು ಪತ್ತೆಮಾರಿಗಳು: ಓರೆ ಹಾಯಿ, ಎರಡು ಕಂಬ, ದೊಡ್ಡವು ಸುಮಾರು 200 ಟನ್ ಹೇರುವಷ್ಟು. ಮುಂಗಾರಿನ ಗಾಳಿ ತಿರುಗುವ ಮೊದಲು ಇವು ದಡ ಸೇರಬೇಕು, ಇಲ್ಲವೇ ಹೊಳೆಯ ಬಾಯಿ ಹೊಕ್ಕು ಒಳಗೆ ಅಡಗಬೇಕು. ಉರುಳುಗಳ ಮೇಲೆ ಒಡಲನ್ನು ಎಳೆದು, ಕಂಬ-ಹಾಯಿ ಬಿಚ್ಚಿ, ತೆಂಗಿನ ಮಡಲಿನ ತಟ್ಟಿ ಹೊದಿಸಿದರೆ ಹಡಗಿನ ಮಳೆಗಾಲದ ಮನೆ ಸಿದ್ಧ. ಆಮೇಲೆ ರಿಪೇರಿ. ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದು, ಮರ ಕೊರೆಯುವ ಹುಳು ಹೊಕ್ಕ ಹಲಗೆ ಬದಲಿಸುವುದು, ಸುಣ್ಣ ಮತ್ತು ಎಣ್ಣೆ ಕಲಸಿ ತಳಕ್ಕೆ ಬಳಿಯುವುದು, ಕತ್ತದ ಹಗ್ಗ ಹೊಸೆಯುವುದು. ಮೀನುಗಾರರ ಅಂಗಳದಲ್ಲಾದರೆ ಬಲೆಯ ಕೆಲಸ. ನೈಲಾನ್ ಬರುವ ತನಕ ಬಲೆ ಅಂದರೆ ಹತ್ತಿ ನೂಲು, ಸೆಣಬು. ಅದು ಕೊಳೆಯಬಾರದೆಂದು ಮರದ ಚಕ್ಕೆ ಕುದಿಸಿದ ಕಷಾಯದಲ್ಲಿ ಅದ್ದಿ ಒಣಗಿಸಬೇಕು, ಹರಿದಲ್ಲಿ ಕಣ್ಣು ಕಣ್ಣು ಕೂಡಿಸಿ ಹೆಣೆಯಬೇಕು.

ನನಗೆ ಬಹಳ ಇಷ್ಟವಾದ ವಿಷಯ ಹಲಗೆಗಳ ಸಂದಿನದು. ಎರಡು ಹಲಗೆ ಸೇರುವಲ್ಲಿ ನೀರು ನುಗ್ಗದಂತೆ ಅಲ್ಲಿ ತುರುಕುತ್ತಿದ್ದದ್ದು ಏನು ಗೊತ್ತೇ? ಎಣ್ಣೆ, ರಾಳದಲ್ಲಿ ನೆನೆಸಿದ ಹತ್ತಿ! ಉಳಿಯಂಥ ಮೊಂಡು ಕಬ್ಬಿಣದಿಂದ ಬಡಿದು ಬಡಿದು ಕೂರಿಸುವುದು. ಕರಾವಳಿಯಲ್ಲಿ ಬೆಳೆಯದ ಹತ್ತಿ ಘಟ್ಟ ಇಳಿದೇ ಬರಬೇಕಾಗಿತ್ತು. ನಮ್ಮ ಅಂಡಿಗೆಗಳನ್ನು ಹೊತ್ತ ಹಡಗು ತೇಲುತ್ತಿದ್ದದ್ದೂ ಹತ್ತಿಯಿಂದ, ಓಡುತ್ತಿದ್ದದ್ದೂ ಹತ್ತಿ ಬಟ್ಟೆಯ ಹಾಯಿಯಿಂದ. ಇನ್ನೊಂದು ಮಾತು. ದಡದಲ್ಲಿ ಒಣಗಿದ ಹಡಗಿನ ಹಲಗೆಗಳೂ ಕುಗ್ಗಿ ಸಂದು ಬಿಡುತ್ತವೆ. ನೀರಿಗಿಳಿಸಿದ ಮೊದಲ ದಿನಗಳಲ್ಲಿ ಸೋರುತ್ತದೆ, ಮರ ನೆನೆದು ಉಬ್ಬಿದ ಮೇಲೆ ತಾನೇ ಬಿಗಿಯುತ್ತದೆ. ನವಲಗುಂದದ ಗಾಲಿಗೂ ಕುಮಟಾದ ಹಡಗಿಗೂ ಒಂದೇ ರೋಗ, ಒಂದೇ ಔಷಧಿ.

ಬಿಡುವು ಮುಗಿಯುವ ದಿನವೂ ಹೆಚ್ಚು ಕಡಿಮೆ ಒಂದೇ ಪಂಚಾಂಗದ್ದು. ಶ್ರಾವಣದ ಹುಣ್ಣಿಮೆ ನಮಗೆ ನೂಲ ಹುಣ್ಣಿಮೆ. ಅದೇ ದಿನ ಕಾರವಾರ, ಅಂಕೋಲಾ, ಕುಮಟಾದ ಮೀನುಗಾರರು ಸಮುದ್ರ ಪೂಜೆ ಮಾಡಿ ಕಡಲಿಗೆ ತೆಂಗಿನಕಾಯಿ ಬಿಡುತ್ತಾರೆ. ಅವರು ದೋಣಿ ನೀರಿಗಿಳಿಸುವ ಯೋಚನೆಯಲ್ಲಿರುವಾಗ ನಾವು ಹತ್ತಿ ಬಿತ್ತುವ ಯೋಚನೆಯಲ್ಲಿರುತ್ತೇವೆ. ಚಳಿಗಾಲ ಇಬ್ಬರಿಗೂ ದುಡಿಮೆಯ ಕಾಲ. ಎಳ್ಳ ಅಮವಾಸ್ಯೆಗೆ ನಾವು ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಅಲ್ಲಿ ಕಡಲು ತಿಳಿಯಾಗಿ ಬಲೆ ಬೀಳುತ್ತಿರುತ್ತದೆ.

ಗಡುವು ತಪ್ಪಿದರೆ ಏನಾಗುತ್ತಿತ್ತು? ಕೊನೆಯ ಹಡಗು ಹೋದ ಮೇಲೆ ಬಂದ ಹತ್ತಿ ಮಳೆ ಮುಗಿಯುವ ತನಕ ಕೆಳಗೇ ಬಿದ್ದಿರಬೇಕು. ಕರಾವಳಿಯ ಮಳೆಗೆ ಅರಳೆ ಥಂಡಿ ಹಿಡಿದು ಬಣ್ಣ ಕೆಡುತ್ತದೆ. ಆ ಭಯವೇ ವ್ಯಾಪಾರಿಯ ಬಂಡವಾಳ. ಮೇ ತಿಂಗಳು ಹತ್ತಿರವಾದಷ್ಟೂ ರೈತನ ಕೈ ಕೆಳಗೆ. ಮುಂಗಡ ಸಾಲ ತಂದವನು ಹೊಲದಲ್ಲಿ ಕಾಯಿ ಒಡೆಯುವ ಮೊದಲೇ ದರ ಒಪ್ಪಿಕೊಂಡಿರುತ್ತಿದ್ದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಹತ್ತಿಗೆ ಬಂಗಾರದ ಬೆಲೆ ಬಂತು ಅಂತ ಎಲ್ಲರೂ ಬರೆಯುತ್ತಾರೆ. ಬಂತು, ನಿಜ. ಆದರೆ ಜೂನ್ ತಿಂಗಳು ಯುದ್ಧಕ್ಕಾಗಿ ಕಾಯಲಿಲ್ಲ. ಬೆಲೆ ಏರಿದಷ್ಟೂ ಗಡಿಬಿಡಿ ಏರಿತು, ಗಡಿಬಿಡಿಯಲ್ಲಿ ಹತ್ತಿಗೆ ಕಾಳು, ಕಸ, ನೀರು ಬೆರೆಸುವುದೂ ಏರಿತು. 1863ರಲ್ಲಿ ಮುಂಬಯಿ ಸರಕಾರ ಹತ್ತಿ ಮೋಸದ ವಿರುದ್ಧ ಕಾಯಿದೆಯನ್ನೇ ತರಬೇಕಾಯಿತು.

ಸರಕಾರಕ್ಕೂ ಈ ದಾರಿಯ ಸಂಕಟ ಗೊತ್ತಿತ್ತು. 1840ರ ದಶಕದಲ್ಲೇ ಅಮೆರಿಕದ ತೋಟಗಾರರನ್ನು ಕರೆಸಿ, ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವ ದಾರಿಯ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿ ನೋಡಿದ್ದರು. ಆ ‘ಧಾರವಾಡ ಅಮೆರಿಕನ್’ ಹತ್ತಿ ನಮ್ಮ ಮಣ್ಣಿಗೆ ಹೊಂದಿಕೊಂಡಿತು, ಆದರೆ ಘಟ್ಟ ಘಟ್ಟವೇ ಆಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹತ್ತಿಯ ಹೊಲವೂ ಬಂದರೂ ಒಂದೇ ಆಡಳಿತದಲ್ಲಿರಲಿ ಎಂಬುದು ಅದರ ಹಿಂದಿನ ದೊಡ್ಡ ಆಸೆ. ಕುಮಟಾಕ್ಕಿಂತ ಕಾರವಾರದಲ್ಲಿ ಹಡಗಿಗೆ ಆಸರೆ ಹೆಚ್ಚು ಎಂದು ಕಾರವಾರದ ಮೇಲೆ ಕಣ್ಣು ಬಿತ್ತು. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟದ ದಾರಿಗೆ ಮಹತ್ವ ಬಂದದ್ದು ಹೀಗೆ. ಸರಿಯಾದ ರಸ್ತೆ ಆಗುವ ಮುಂಚೆ ಈ ಹೇರನ್ನೆಲ್ಲ ಬೆನ್ನ ಮೇಲೆ ದಾಟಿಸಿದ್ದು ಲಂಬಾಣಿಗರ ಹೇರೆತ್ತುಗಳು. ಮರಳುವಾಗ ಹೇರು ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು ಮತ್ತು ತೆಂಗಿನಕಾಯಿ. ನಮ್ಮ ಜೋಳದ ರೊಟ್ಟಿಗೆ ಉಪ್ಪು ಕೊಟ್ಟದ್ದೂ ಇದೇ ದಾರಿ.

ಇಲ್ಲಿ ಒಂದು ಕಾಕತಾಳೀಯ ಹೇಳದೆ ಇರಲಾರೆ. 1876ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಹೆರೆಶಾಫ್ ಎಂಬಾತ ‘ಅಮರಿಲಿಸ್’ ಎಂಬ ಜೋಡಿ ಒಡಲಿನ ದೋಣಿ ಓಡಿಸಿ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ. ಆಧುನಿಕ ಕ್ಯಾಟಮರಾನಿನ ಕತೆ ಅಲ್ಲಿಂದ ಶುರು ಅನ್ನುತ್ತಾರೆ. ಅದೇ ವರ್ಷದ ಮುಂಗಾರು ಧಾರವಾಡ ಜಿಲ್ಲೆಗೆ ಕೈ ಕೊಟ್ಟು, 1876-78ರ ಬರ ಬಂತು. ಆಗ ಜಿಲ್ಲೆಯಲ್ಲಿ ಒಂದು ಮೈಲಿ ರೈಲೂ ಇರಲಿಲ್ಲ. ಹತ್ತಿರದ ರೈಲು ಬಳ್ಳಾರಿ, ಸೊಲ್ಲಾಪುರಗಳಲ್ಲಿ. ಹತ್ತಿ ಇಳಿದ ದಾರಿಯಲ್ಲಿ ಧಾನ್ಯ ಮೇಲೆ ಬರಬೇಕೆಂದರೆ ಎಳೆಯುವ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಹಡಗಿನ ಬಿಡುವಿನ ಕಾಲ ಹಸಿವಿನ ಕಾಲವೂ ಆದದ್ದು ಆಗ.

ಆ ಬರದ ಪಾಠದಿಂದ ಬಂದದ್ದು ಸದರ್ನ್ ಮರಾಠಾ ರೈಲು. 1880ರ ದಶಕದಲ್ಲಿ ಹುಬ್ಬಳ್ಳಿ, ಗದಗ, ನಡುವೆ ಅಣ್ಣಿಗೇರಿ, ದಕ್ಷಿಣಕ್ಕೆ ಕುಂದಗೋಳ, ಎಲ್ಲ ಕಡೆ ಹಳಿ ಬಿತ್ತು. ದಶಕ ಮುಗಿಯುವುದರೊಳಗೆ ಮರ್ಮಗೋವಾ ಬಂದರಿಗೂ ದಾರಿಯಾಯಿತು. ರೈಲಿಗೆ ರೋಹಿಣಿ ಇಲ್ಲ, ಮೃಗಶಿರವಿಲ್ಲ. ಜೂನ್ ತಿಂಗಳ ಗಡುವು ಸತ್ತಿತು, ಅದರ ಜೊತೆ ಕುಮಟಾ ಬಂದರಿನ ಹತ್ತಿಯ ವೈಭವವೂ. ಇದನ್ನು ಕುಮಟಾದವರ ಜೊತೆ ಮಾತನಾಡುವಾಗ ಜಂಬದಿಂದ ಹೇಳಬೇಡಿ, ಅವರಿಗೆ ಆದದ್ದು ನಷ್ಟವೇ.

ಹೆಸರು ಮಾತ್ರ ಉಳಿಯಿತು. 20ನೇ ಶತಮಾನದಲ್ಲಿ ಧಾರವಾಡದಲ್ಲಿ ಜಿ. ಎಲ್. ಕೊಟ್ಟೂರ ಅವರು ಈ ತಳಿಯ ಸುಧಾರಣೆಗೆ ಕೂತಾಗ ಅವರ ಬರಹದಲ್ಲೂ ಅದು ‘ಕುಮಟಾ’ ಹತ್ತಿಯೇ. ಆಮೇಲೆ ಬಂದ ಜಯವಂತ, ಜಯಧರ ಅದೇ ಬಳಗದವು. 2002ರ ನಂತರ ಬಿಟಿ ಹತ್ತಿ ಹಬ್ಬಿತು, ಜಯಧರ ಅಲ್ಲಲ್ಲಿ ಒಂದಿಷ್ಟು ಉಳಿದಿದೆ. ನವಲಗುಂದದಲ್ಲಿ ಹತ್ತಿ ನೂಲಿನ ಜಮಖಾನೆ ಇನ್ನೂ ನೇಯುತ್ತಾರೆ, ನೇಯುವ ಕೈಗಳು ಬೆರಳೆಣಿಕೆಗೆ ಬಂದಿವೆ.

ಕಡಲಿನ ಬಿಡುವು ಇಂದಿಗೂ ಇದೆ, ಈಗ ಸರಕಾರಿ ಆದೇಶದ ರೂಪದಲ್ಲಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಮೀನಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಕಾರವಾರದ ಬೈತಖೋಲಕ್ಕೋ ತದಡಿಗೋ ಹೋದರೆ ಸಾಲಾಗಿ ನಿಂತ ದೋಣಿಗಳು, ಬಣ್ಣದ ಡಬ್ಬಿಗಳು, ಬಲೆ ಹರಡಿಕೊಂಡು ಕೂತವರು ಕಾಣುತ್ತಾರೆ. ನಿಜವಾದ ಕ್ಯಾಟಮರಾನ್ ನೋಡಬೇಕೆಂದರೂ ಕಾರವಾರವೇ: ನೌಕಾಪಡೆಯ ಸಮೀಕ್ಷಾ ಹಡಗು ‘ಮಕರ್’ ಎರಡು ಒಡಲಿನದು, 2012ರಲ್ಲಿ ಅಲ್ಲೇ ಸೇವೆಗೆ ಸೇರಿತು. ನಮ್ಮಿಂದ ಅಲ್ಲಿಗೆ ಹೋಗುವ ದಾರಿ ಅದೇ ಕಲಘಟಗಿ, ಯಲ್ಲಾಪುರ, ಅರಬೈಲ್. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ತಲೆಮಾರುಗಳಿಂದ ನಡೆದೇ ಇದೆ.

ನಿಮ್ಮ ಮನೆತನದಲ್ಲಿ ಹತ್ತಿ ಹೇರಿಕೊಂಡು ಘಟ್ಟ ಇಳಿದವರ ಅಥವಾ ಸಾಣಿಕಟ್ಟೆ ಉಪ್ಪು ಹೊತ್ತು ತಂದವರ ಮಾತು ಹಿರಿಯರ ಬಾಯಲ್ಲಿ ಉಳಿದಿದ್ದರೆ ದಯವಿಟ್ಟು ಬರೆಯಿರಿ. ಗಾಲಿಯ, ದೋಣಿಯ ಭಾಗಗಳಿಗೆ ನಿಮ್ಮ ಊರಿನಲ್ಲಿ ಬೇರೆ ಹೆಸರುಗಳಿದ್ದರೆ ಅವೂ ಬೇಕು.