ಅಲಗಿನ ಕರೆ, ಕುಲುಮೆಯ ಹದ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಮಚ್ಚು, ಕುಡುಗೋಲು, ಈಳಿಗೆಮಣೆಗಳ ಚರಿತ್ರೆಯನ್ನು ಮೈಸೂರು ಉಕ್ಕಿನ ಖ್ಯಾತಿಯಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ. ಕನ್ನಡದ ‘ಉಕ್ಕು’ ಯುರೋಪಿನಲ್ಲಿ ‘ವೂಟ್ಜ್’ ಆಗಿ, 1795ರಲ್ಲಿ ವಿಜ್ಞಾನಿ ಜಾರ್ಜ್ ಪಿಯರ್ಸನ್ ಮತ್ತು ಮುಂದೆ ಮೈಕೇಲ್ ಫ್ಯಾರಡೆ ಅದನ್ನು ಪರೀಕ್ಷೆಗೊಡ್ಡಿದರು. 1800ರಲ್ಲಿ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳನ್ನು ಹಾದುಹೋದ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಉಕ್ಕಿನ ತಯಾರಿಕೆಯನ್ನು ವಿವರಿಸಿದ್ದು ಮಧುಗಿರಿ ಕಡೆಯದನ್ನು: ಕಬ್ಬಿಣದ ತುಂಡನ್ನು ತಂಗಡಿ ಕಡ್ಡಿ, ಹಸಿರೆಲೆಗಳೊಡನೆ ಮೂಸೆಯಲ್ಲಿ, ಅಂದರೆ ಮಣ್ಣಿನ ಕರಗುಪಾತ್ರೆಯಲ್ಲಿ, ಇಟ್ಟು ಕಾಯಿಸಿದಾಗ ಕಡ್ಡಿ, ಎಲೆಗಳ ಇಂಗಾಲ ಕಬ್ಬಿಣಕ್ಕೇರಿ ಅದು ಉಕ್ಕಾಗುತ್ತಿತ್ತು. ಇಂಥ ಉಕ್ಕಿನಲ್ಲಿ ಕಾರ್ಬೈಡ್ ಕಣಗಳು ಸಾಲುಗಟ್ಟಿದ್ದರಿಂದಲೇ ಹೆಸರಾಂತ ಖಡ್ಗಗಳ ಮೇಲೆ ನೀರಲೆಯಂಥ ಗೆರೆಗಳು ಮೂಡಿದವು. ಇತಿಹಾಸಕಾರರ ಕಣ್ಣು ಆ ಗೆರೆಗಳ ಮೇಲೇ ನಿಂತು, ರಾಗಿ ಕೊಯ್ದ ಅಲಗನ್ನು ಮರೆತಿತು.

ಆ ಅಲಗಿನ ಆರೈಕೆಯನ್ನು ಮನೆ ಮತ್ತು ಕುಲುಮೆ ಹಂಚಿಕೊಂಡಿದ್ದವು. ಹಳೆಯ ಮೈಸೂರಿನ ಹನ್ನೆರಡು ಆಯಗಾರರಲ್ಲಿ, ಅಂದರೆ ಊರಿನ ಕೆಲಸಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಧಾನ್ಯದ ಪಾಲು ಪಡೆಯುತ್ತಿದ್ದವರಲ್ಲಿ, ಕಮ್ಮಾರನೂ ಒಬ್ಬನಾಗಿದ್ದು, ಸವೆದ ಬಾಯಿಯನ್ನು ಕಾಯಿಸಿ, ಬಡಿದು ಹಣಿಸುವುದು ಪ್ರತ್ಯೇಕ ಕೂಲಿಯ ಕೆಲಸವೆನಿಸದೆ ಆ ಪಾಲಿನೊಳಗೇ ಸೇರಿತ್ತು. ಅಲಗಿನ ಅಂಚನ್ನಷ್ಟೇ ನೀರಿಗದ್ದಿ ಹದಗೊಳಿಸಿದರೆ ಬಾಯಿ ಗಡುಸಾಗಿ, ಬೆನ್ನು ಮೆತ್ತಗೆ ಉಳಿದು, ಪೆಟ್ಟಿಗೆ ಮುರಿಯದಂತಾಗುತ್ತದೆ.

ಉಳಿದದ್ದು ಮನೆಯ ಪಾಲು. ಬಾಳೆಕಾಯಿ, ಮಾವಿನಕಾಯಿ, ಅಡಿಕೆಗಳಲ್ಲಿರುವ ಒಗರು ಕಬ್ಬಿಣದೊಡನೆ ಕೂಡಿ ಅಲಗಿನ ಮೇಲೆ ನೀಲಿಗಪ್ಪು ಕರೆಯಾಗುತ್ತದೆ. ಇದು ಕೆಂಪು ತುಕ್ಕಿನಂತೆ ಪುಡಿಪುಡಿಯಾಗಿ ಉದುರದೆ, ತೆಳುವಾಗಿ ಅಂಟಿ ಕೂತು ತುಕ್ಕನ್ನು ತುಸು ತಡೆಯುತ್ತದೆ. ಹುಣಸೆಹಣ್ಣು, ಬೂದಿಗಳಿಂದ ಉಜ್ಜಿ ಬೆಳ್ಳಗೆ ಮಾಡಿದ ಅಲಗು ಒರೆಸದೆ ಬಿಟ್ಟರೆ ಒಂದೇ ರಾತ್ರಿಯಲ್ಲಿ ಕೆಂಪೇರುವುದರಿಂದ, ಮಳೆಗಾಲದಲ್ಲಿ ಹರಳೆಣ್ಣೆ ಸವರಿಡುವ ಪದ್ಧತಿಗೆ ಅಚ್ಚುಕಟ್ಟಿನ ಹಂಬಲಕ್ಕಿಂತ ಗಟ್ಟಿಯಾದ ಕಾರಣವಿದೆ. ಕರಿ ಅಲಗನ್ನು ಕೊಳಕೆಂದು ಬಗೆದದ್ದು ಬಹುಮಟ್ಟಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಚಾಕು ಬಂದ ಮೇಲಿನ ಅಭಿರುಚಿ.

ಕಾರ್ಖಾನೆಯ ಲೋಹ ಅಗ್ಗವಾದಂತೆ ಮೂಸೆಯ ಉಕ್ಕು ಮರೆಯಾಗಿ, ಕುಲುಮೆಗೆ ಲಾರಿಯ ಸ್ಪ್ರಿಂಗ್ ಪ್ಲೇಟು ಬಂದಿತು. ಅದರಲ್ಲಿ ಇಂಗಾಲ ಸುಮಾರು ಶೇ. 0.6ರಷ್ಟಿದ್ದು, ಮೂಸೆಯ ಉಕ್ಕಿನಲ್ಲಿ ಶೇ. 1ಕ್ಕಿಂತ ಹೆಚ್ಚಿರುತ್ತಿತ್ತು, ಆದ್ದರಿಂದ ಪ್ಲೇಟಿನ ಮಚ್ಚಿನಲ್ಲಿ ನೀರಲೆಯ ಗೆರೆ ಮೂಡದು. ಆದರೂ ಆಯುಧಪೂಜೆಗೆಂದು ತಿಕ್ಕಿ, ವಿಭೂತಿ, ಕುಂಕುಮ ಹಚ್ಚಿದ ಆ ಮಚ್ಚು ಮತ್ತೆ ಬಾಳೆಗೊನೆಗೆ ತಗುಲಿದಾಗ ಹಳೆಯ ಕರೆಯೇ ಬಾಯಂಚಿನಿಂದ ಹರಡತೊಡಗುತ್ತದೆ.