ಸಾಲದ ಲಾರಿ, ಸ್ವಂತ ಬಣ್ಣ

ಲಾರಿ ಕಂಪನಿಯಿಂದ ಮುಖವಿಲ್ಲದೆ ಹೊರಡುತ್ತಿದ್ದ ಕಾಲವೊಂದಿತ್ತು. ಮಾಲೀಕ ದುಡ್ಡು ಕಟ್ಟಿ ಬಿಡಿಸಿಕೊಳ್ಳುತ್ತಿದ್ದದ್ದು ಬರೀ ಚಾಸಿ: ಎಂಜಿನ್ನು, ಅದರ ಮೇಲೊಂದು ಬಾನೆಟ್ಟು, ಹಿಂದಕ್ಕೆ ಚಾಚಿದ ಎರಡು ಉಕ್ಕಿನ ತೊಲೆ, ಚಕ್ರ, ಸ್ಟೇರಿಂಗು. ಬಾಗಿಲು, ಸೂರು, ಗಾಜು ಯಾವುದೂ ಇರುತ್ತಿರಲಿಲ್ಲ. ಸೀಟಿನ ಜಾಗಕ್ಕೆ ಮರದ ಪೆಟ್ಟಿಗೆ ಕಟ್ಟಿಕೊಂಡು, ಮುಖಕ್ಕೆ ಟವೆಲ್ಲು ಸುತ್ತಿ, ಕಣ್ಣಿಗೆ ದೊಡ್ಡ ಕನ್ನಡಕ ಏರಿಸಿ, ಜಮ್ಷೆಡ್‌ಪುರದಿಂದಲೋ ಮದ್ರಾಸಿನ ಎಣ್ಣೂರಿನಿಂದಲೋ ಡ್ರೈವರುಗಳು ಅದನ್ನು ಬಿಸಿಲು ಮಳೆ ಎನ್ನದೆ ಓಡಿಸಿ ತರುತ್ತಿದ್ದರು. ಹೊಸಪೇಟೆ ಮುಟ್ಟುವ ಹೊತ್ತಿಗೆ ಅವರ ಕಣ್ಣರೆಪ್ಪೆಯ ಮೇಲೂ ಧೂಳು ಕೂತಿರುತ್ತಿತ್ತು.

ಆ ಚಾಸಿಗೆ ಬಡಗಿಗಳು ಮರ, ತಗಡಿನಿಂದ ಕ್ಯಾಬಿನ್ನು ಕಟ್ಟುತ್ತಿದ್ದರು, ಹಿಂದೆ ಹಲಗೆಯ ಬಾಡಿ ಕೂರಿಸುತ್ತಿದ್ದರು. ಕೊನೆಗೆ ಅದು ನಮ್ಮ ಕೈಗೆ ಬರುತ್ತಿತ್ತು. ನಾನು ಲಾರಿಗಳ ಮೇಲೆ ಬರೆದು ಬದುಕಿದ ಪೇಂಟರು. ಸೋಲಾಪುರದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೂ ಅಂಕೋಲೆಯಿಂದ ಗುತ್ತಿಗೆ ಹೋಗುವ ಹೆದ್ದಾರಿಯೂ ಕೂಡುವ ಊರು ನಮ್ಮ ಹೊಸಪೇಟೆ. ಲಾರಿಗೆ ಬರವಿರಲಿಲ್ಲ. ಗಂಗಾವತಿಯ ಭತ್ತ, ಬಳ್ಳಾರಿಯ ಹತ್ತಿ, ಕಬ್ಬು, ಬಾಳೆ, ಸೊಂಡೂರಿನ ಅದಿರು, ಎಲ್ಲವೂ ನಮ್ಮ ಊರನ್ನು ದಾಟಿಯೇ ಹೋಗಬೇಕು.

ಟಾಟಾದವರು ಜರ್ಮನಿಯ ಬೆಂಜ್ ಕಂಪನಿಯ ಜೊತೆ ಸೇರಿ ಲಾರಿ ಮಾಡತೊಡಗಿದ್ದು 1954ರಲ್ಲಿ. ಮದ್ರಾಸಿನಲ್ಲಿ 1948ರಲ್ಲಿ ಶುರುವಾದ ಅಶೋಕ್ ಮೋಟಾರ್ಸ್, ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಸೇರಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಟಾಟಾ-ಬೆಂಜ್ ಒಪ್ಪಂದ 1969ಕ್ಕೆ ಮುಗಿದು ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರ ಹೋಯಿತು, ‘ಟಿ’ ಅಕ್ಷರ ಬಂತು. ಹಳೆಯ ಡ್ರೈವರುಗಳ ಬಾಯಲ್ಲಿ ಮಾತ್ರ ಆಮೇಲೂ ಬಹಳ ಕಾಲ ಅದು ಬೆಂಜ್ ಲಾರಿಯೇ. ಇಲ್ಲಿ ನಾನು ಎತ್ತಿ ಹೇಳಬೇಕೆಂದಿರುವುದು ಒಂದು ಸಂಗತಿ. ಹೆಚ್ಚುಕಡಿಮೆ ಎರಡೇ ಕಂಪನಿ, ಬೆರಳೆಣಿಕೆಯ ಮಾದರಿ. ಮಾಲೀಕ ಆರಿಸಿಕೊಳ್ಳಲು ಏನೂ ಇರಲಿಲ್ಲ. ಚಾಸಿ ಕಂಪನಿಯದು, ದುಡ್ಡು ಫೈನಾನ್ಸಿನವರದು, ಪರ್ಮಿಟ್ಟು ಸರ್ಕಾರದ್ದು, ಬಾಡಿಗೆ ದರ ಟ್ರಾನ್ಸ್‌ಪೋರ್ಟ್ ಆಫೀಸಿನವರದು. ಇಡೀ ಲಾರಿಯಲ್ಲಿ ಅವನೇ ತೀರ್ಮಾನಿಸಬಹುದಾಗಿದ್ದದ್ದು ಬಣ್ಣದ ಕೆಲಸವೊಂದೇ. ಎಲ್ಲಕ್ಕಿಂತ ಅಗ್ಗದ ಖರ್ಚೂ ಅದೇ. ಒಂದು ಹೊಸ ಟೈರಿನ ಬೆಲೆಯೊಳಗೆ ನಾವು ಇಡೀ ಲಾರಿಯನ್ನು ಬರೆದು ಕೊಡುತ್ತಿದ್ದೆವು. ಅಷ್ಟು ಸಣ್ಣ ದುಡ್ಡಿನ ಕೆಲಸಕ್ಕೆ ಮಾಲೀಕರು ದಿನವಿಡೀ ನಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಎಂಜಿನ್ ಕೆಲಸಕ್ಕೂ ಅಷ್ಟು ಹೊತ್ತು ನಿಂತವರನ್ನು ನಾನು ಕಂಡಿಲ್ಲ.

ಬಣ್ಣದಲ್ಲೂ ಸರ್ಕಾರದ ಮಾತಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನ್ಯಾಷನಲ್ ಪರ್ಮಿಟ್ ಲಾರಿಯ ಬಾಡಿಗೆ ಒಣಗಿದ ಎಲೆಯ ಕಂದು ಬಣ್ಣ ಬಳಿಯಬೇಕಿತ್ತು, 30 ಸೆಂಟಿಮೀಟರ್ ಅಗಲದ ಬಿಳಿ ಅಂಚು ಕೊಡಬೇಕಿತ್ತು, ಎರಡೂ ಪಕ್ಕದಲ್ಲಿ 60 ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ ‘ನ್ಯಾಷನಲ್ ಪರ್ಮಿಟ್’ ಎಂದು ಬರೆಯಬೇಕಿತ್ತು. ಹೆದ್ದಾರಿಯ ಲಾರಿಗಳೆಲ್ಲ ಅಣ್ಣತಮ್ಮಂದಿರಂತೆ ಕಾಣುತ್ತಿದ್ದದ್ದಕ್ಕೆ ಇದೇ ಕಾರಣ. ನಮಗೆ ಆ ಬಿಳಿ ಅಂಚೇ ಹೊಲವಾಯಿತು. ಬಳ್ಳಿ, ಕಮಲ, ಜೋಡಿ ನವಿಲು, ಹಂಪಿಯ ಕಲ್ಲಿನ ರಥ, ಕರುವಿಗೆ ಹಾಲೂಡುವ ಹಸು, ಎಲ್ಲವೂ ಅಲ್ಲಿ ಬಂದವು. ಕಾನೂನು ಕೇಳಿದ್ದು ಬಿಳಿ ಪಟ್ಟಿಯನ್ನು. ಪಟ್ಟಿಯ ಮೇಲೆ ಹೂವು ಬೇಡ ಎಂದು ಯಾವ ಇನ್ಸ್‌ಪೆಕ್ಟರೂ ನಮ್ಮನ್ನು ತಡೆಯಲಿಲ್ಲ.

ಈ ಶೃಂಗಾರ ಲಾರಿಯಿಂದಲೇ ಹುಟ್ಟಿದ್ದೆಂದು ನನಗನ್ನಿಸುವುದಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು, ಹಿತ್ತಾಳೆಯ ಕೊಂಬಣಸು ತೊಡಿಸಿ, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆಸರ ಕಟ್ಟಿದ ಮನೆಗಳ ಮಕ್ಕಳೇ ನಮ್ಮ ಭಾಗದ ಮೊದಲ ಲಾರಿ ಮಾಲೀಕರು, ಡ್ರೈವರುಗಳು. ಬಂಪರಿಗೆ ಕಟ್ಟಿದ ಕರಿ ಕುಚ್ಚು, ಕನ್ನಡಿಯ ಕೆಳಗಿನ ಗೊಂಡೆ, ದೃಷ್ಟಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ, ಹಿಂದೆ ನೇತಾಡುವ ಹಳೇ ಚಪ್ಪಲಿ ನೋಡಿದಾಗಲೆಲ್ಲ ನನಗೆ ಎತ್ತುಗಳ ನೆನಪಾಗುತ್ತದೆ. ಆಯುಧಪೂಜೆಯ ದಿನವಂತೂ ಸಂಶಯವೇ ಉಳಿಯುವುದಿಲ್ಲ. ಬಾಳೆಕಂದು, ಮಾವಿನ ತೋರಣ, ಚೆಂಡುಹೂವಿನ ಹಾರ, ಚಕ್ರದ ಮುಂದೆ ಒಡೆದ ಬೂದುಗುಂಬಳ. ದುಡಿಯುವ ಜೀವಕ್ಕೆ ವರ್ಷಕ್ಕೊಂದು ದಿನ ಮಾಡುವ ಮರ್ಯಾದೆ ಅದು.

ಕೆಲಸದ ವಿಷಯ ಹೇಳುತ್ತೇನೆ, ಯಾಕೆಂದರೆ ನಮ್ಮ ಹುಡುಗರಿಗೆ ಈಗ ಅದು ಗೊತ್ತಿಲ್ಲ. ಮೊದಲು ರೆಡ್ ಆಕ್ಸೈಡ್ ಪ್ರೈಮರು. ಆಮೇಲೆ ಹಲಗೆಯ ಸಂದು, ಮೊಳೆಯ ತಲೆ ಮುಚ್ಚಲು ಪುಟ್ಟಿ. ಅದು ಒಣಗಿದ ಮೇಲೆ ನೀರು ಹಾಕುತ್ತಾ ವಾಟರ್ ಪೇಪರಿನಿಂದ ಉಜ್ಜಬೇಕು. ಹೊಸದಾಗಿ ಸೇರಿದ ಹುಡುಗನ ಬೆರಳ ತುದಿ ಸವೆಯುವುದು ಇಲ್ಲೇ. ಅಂಗೈ ಆಡಿಸಿದರೆ ಎಲ್ಲೂ ತಡೆಯಬಾರದು, ಆಗ ಎನಾಮಲ್ ಬಣ್ಣ. ಡಬ್ಬಿಯ ಮೇಲೆ ಕುಂಚ ಹಿಡಿದ ಗಟ್ಟು ಎಂಬ ತುಂಟ ಹುಡುಗ ಇರುತ್ತಿದ್ದ. ಏಷ್ಯನ್ ಪೇಂಟ್ಸ್‌ಗಾಗಿ 1954ರಲ್ಲಿ ಅವನನ್ನು ಬರೆದವರು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್. ಅವನ ಕೆದರಿದ ಕೂದಲನ್ನು ನೋಡಿ ನಕಲು ಮಾಡುತ್ತಲೇ ನಾನು ಗೆರೆ ಎಳೆಯುವುದನ್ನು ಕಲಿತೆ.

ಅಕ್ಷರ ಬರೆಯುವ ಮುಂಚೆ ಸೀಮೆಸುಣ್ಣದ ಪುಡಿ ಹಚ್ಚಿದ ನೂಲನ್ನು ಹಲಗೆಯ ಈ ತುದಿಯಿಂದ ಆ ತುದಿಗೆ ಬಿಗಿಹಿಡಿದು ಮೀಟಿದರೆ ನೇರವಾದ ಬಿಳಿ ಗೆರೆ ಬೀಳುತ್ತದೆ. ಎಡಗೈಯಲ್ಲಿ ತುದಿಗೆ ಬಟ್ಟೆಯ ಉಂಡೆ ಸುತ್ತಿದ ಕೋಲು, ಅದರ ಮೇಲೆ ಬಲಗೈ ಮಣಿಕಟ್ಟು. ಇಂಗ್ಲಿಷ್ ಅಕ್ಷರಕ್ಕೆ ಎರಡು ಗೆರೆ ಸಾಕು. ಕನ್ನಡಕ್ಕೆ ಕೆಳಗೊಂದು ಗೆರೆ ಹೆಚ್ಚಿಗೆ ಬೇಕು, ಒತ್ತಕ್ಷರ ಕೂರಲು. ಕ್ಯಾಬಿನ್ನಿನ ನೆತ್ತಿಯ ಹಲಗೆ ಸಣ್ಣದು. ಅಲ್ಲಿ ‘ಶ್ರೀ ಲಕ್ಷ್ಮೀವೆಂಕಟೇಶ್ವರ ಪ್ರಸನ್ನ’ ಎಂದು ಬರೆಯಬೇಕಾದಾಗ ಷ, ಮ, ವ, ನ ಒತ್ತುಗಳೆಲ್ಲ ಹಲಗೆಯ ಅಂಚಿಗೆ ಬಂದು ನಿಲ್ಲುತ್ತವೆ. ಅಕ್ಷರವನ್ನು ಗಿಡ್ಡ ಮಾಡಿದರೆ ದೂರಕ್ಕೆ ಕಾಣುವುದಿಲ್ಲ, ಒತ್ತನ್ನು ಸಣ್ಣದು ಮಾಡಿದರೆ ಓದಲಾಗುವುದಿಲ್ಲ. ನನ್ನ ಗುರುಗಳು ಒತ್ತನ್ನು ಪಕ್ಕದ ಅಕ್ಷರದ ಹೊಟ್ಟೆಯ ಕೆಳಗೆ ಜಾರಿಸಿ, ಅದರ ಬಾಲವನ್ನೇ ಬಳ್ಳಿ ಮಾಡಿ ಮುಂದಿನ ಅಕ್ಷರಕ್ಕೆ ಹಬ್ಬಿಸುತ್ತಿದ್ದರು. ಹಾಗೆ ಬರೆದ ಹಲಗೆಯನ್ನು ನೋಡಿದರೆ ಯಾರ ಕೈ ಎಂದು ನಾವು ಹೇಳಬಲ್ಲೆವು. ಚಿತ್ರದುರ್ಗದವರ ಕೈ ಬೇರೆ, ಹುಬ್ಬಳ್ಳಿಯವರ ಕೈ ಬೇರೆ, ದಾವಣಗೆರೆಯವರದೇ ಬೇರೆ.

ಎಲ್ಲಿ ಏನು ಬರೆಯಬೇಕೆಂಬುದಕ್ಕೂ ಒಂದು ಪದ್ಧತಿ ಇತ್ತು. ನೆತ್ತಿಯ ಮೇಲೆ ಮನೆದೇವರು. ಬಾಗಿಲ ಮೇಲೆ ಮಾಲೀಕನ ಹೆಸರು, ಊರು, ತೂಕದ ಲೆಕ್ಕ. ಹಿಂದೆ ‘ಸೌಂಡ್ ಹಾರ್ನ್’, ‘ಸ್ಟಾಪ್’, ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಕಣ್ಣು ಕೆರಳಿಸಿದ ರಾಕ್ಷಸನ ಮುಖ. ಹಿಂಬಾಗಿಲ ನಡುವಿನ ಜಾಗ ಮಾತ್ರ ಮಾಲೀಕನ ಮನಸ್ಸಿಗೆ ಬಿಟ್ಟದ್ದು. ಒಬ್ಬರು ಬಂದು, “ಮೇಸ್ತ್ರಿ, ಅವ್ವನ ಹೆಸರು ದೊಡ್ಡದು ಬರ್ರಿ, ನನ್ನ ಹೆಸರು ಸಣ್ಣದಿರ್ಲಿ. ಆಕಿ ಬೋರಮಾಳ ಸರ ಇಟ್ಟೇ ಮೊದಲನೇ ಕಂತು ಕಟ್ಟೀನಿ,” ಅಂದಿದ್ದರು. ಹೀಗೆ ಹೇಳಿದವರು ಅವರೊಬ್ಬರೇ ಅಲ್ಲ. ತಾಯಿಯ ಆಶೀರ್ವಾದ, ತಂಗಿಯ ಹೆಸರು, ಸತ್ತುಹೋದ ಅಣ್ಣನ ಹೆಸರು, ಹಿಂದೆ ಯಾರ ಲಾರಿ ಓಡಿಸುತ್ತಿದ್ದರೋ ಆ ಸಾಹುಕಾರರ ಹೆಸರು, ಇವೆಲ್ಲ ಸಾಲದ ಪತ್ರದಲ್ಲಿ ಬಾರದ, ಆದರೆ ನಿಜವಾಗಿ ಸಾಲ ಹೊತ್ತವರ ಪಟ್ಟಿ. ಇದನ್ನು ಶೋಕಿ ಎಂದು ಕರೆಯುವವರ ಮಾತನ್ನು ನಾನು ಒಪ್ಪಲಾರೆ.

2003-04ರ ನಂತರ ನಮ್ಮ ಊರಿನ ಚಹರೆ ಬದಲಾಯಿತು. ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿತು. ಬೇಲೆಕೇರಿ, ಮಂಗಳೂರು ಬಂದರುಗಳ ಕಡೆ ಹಗಲು ರಾತ್ರಿ ಲಾರಿಗಳ ಸಾಲು. ಹೊಲ ಅಡವಿಟ್ಟು ಲಾರಿ ತಂದವರು ನಮ್ಮ ಶೆಡ್ಡಿನ ಮುಂದೆ ಸರದಿ ನಿಂತರು. ಕೈ ತುಂಬ ಕೆಲಸ, ಆದರೆ ಕೆಂಪು ಧೂಳಿನಲ್ಲಿ ಎನಾಮಲ್ ಒಣಗುವ ಮುಂಚೆಯೇ ಅದರ ಮೇಲೆ ಅದಿರಿನ ಪುಡಿ ಅಂಟುತ್ತಿತ್ತು. ಬಿಳಿ ಅಂಚು ಒಂದೇ ವಾರದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಅಮ್ಮನ ಹೆಸರು ಕಾಣಲೆಂದು ಡ್ರೈವರುಗಳು ಆ ಒಂದು ಹಲಗೆಯನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ ಹೊರಡುವುದನ್ನು ಕಂಡಿದ್ದೇನೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನದ್ದನ್ನೂ. ನಾಶವಾಗುತ್ತಿದ್ದ ಬೆಟ್ಟಗಳನ್ನು ನೋಡಿದ ನನಗೆ ಆ ತೀರ್ಪು ಸರಿ ಎಂದೇ ಅನ್ನಿಸಿತು. ಆದರೆ ಕಂತು ಕಟ್ಟಲಾಗದೆ ನಿಂತ ಲಾರಿಗಳನ್ನು ಫೈನಾನ್ಸಿನವರು ಎಳೆದೊಯ್ದರು. ಅವನ್ನು ಕೊಂಡ ಬೇರೆ ಊರಿನವರು ಮೊದಲು ಮಾಡಿದ್ದು ಹೆಸರು ಅಳಿಸುವ ಕೆಲಸ. ಆ ಕೆಲಸಕ್ಕೂ ನಮ್ಮನ್ನೇ ಕರೆದರು. ನನ್ನ ಕೈಯಿಂದಲೇ ಬರೆದ ಹೆಸರುಗಳ ಮೇಲೆ ನಾನೇ ಕಂದು ಬಣ್ಣ ಎಳೆದೆ.

ಕುಂಚದ ಕೆಲಸ ಅದಕ್ಕೂ ಮುಂಚೆಯೇ ಇಳಿಮುಖವಾಗಿತ್ತು. ರೇಡಿಯಂ ಬಂದಿತ್ತು. ಹೆಸರಿಗೆ ರೇಡಿಯಂ, ನಿಜವಾಗಿ ಅದು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವ ಹಾಳೆ, ಅಂಟಿಸಿದರೆ ಆಯಿತು. ಮೊದಮೊದಲು ಬ್ಲೇಡಿನಲ್ಲಿ ಕತ್ತರಿಸುತ್ತಿದ್ದೆವು, ಆಮೇಲೆ ಕಂಪ್ಯೂಟರ್ ಕಟಿಂಗ್ ಯಂತ್ರ ಬಂತು. ಬರಹ, ನುಡಿ ತಂತ್ರಾಂಶಗಳ ಅಕ್ಷರಗಳು ಬೀದರದಿಂದ ಚಾಮರಾಜನಗರದವರೆಗೆ ಎಲ್ಲ ಲಾರಿಗಳ ಮೇಲೂ ಒಂದೇ ಥರ ಕೂತವು. ಊರೂರಿನ ಕೈ ಮಾಯವಾಯಿತು. ಅದಕ್ಕೆ ನನಗೆ ನೋವಿದೆ. ಆದರೂ ಲಾರಿಯ ಹಿಂಭಾಗಕ್ಕೆ ಕಡಿಮೆ ಖರ್ಚಿನಲ್ಲಿ ಮಾಡಬಹುದಾದ ಅತ್ಯುತ್ತಮ ಕೆಲಸ ಯಾವುದು ಎಂದು ಕೇಳಿದರೆ ನಾನು ಇಂದೂ ಹೇಳುವುದು ಹಿಂಬದಿಯ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನೇ. ಕತ್ತಲಲ್ಲಿ ಲೈಟಿಲ್ಲದೆ ರಸ್ತೆ ಬದಿ ಕೆಟ್ಟು ನಿಂತ ಲಾರಿಗೆ ಬೈಕಿನವರು ಗುದ್ದಿದ ಸುದ್ದಿ ಕೇಳಿ ಬೆಳೆದವನು ನಾನು. ನನ್ನ ನವಿಲಿಗೆ ಆ ಜೀವಗಳನ್ನು ಉಳಿಸುವ ಶಕ್ತಿ ಇರಲಿಲ್ಲ.

ಇದೇ ಹೊತ್ತಿಗೆ ಸಣ್ಣ ಗಾಡಿಗಳ ಶೃಂಗಾರವೂ ಬೆಳೆಯಿತು. ಟಾಟಾ ಸುಮೋ 1994ರಲ್ಲಿ, ಬೊಲೆರೊ 2000ದಲ್ಲಿ, ಸ್ಕಾರ್ಪಿಯೊ 2002ರಲ್ಲಿ ಬಂದವು. ಅದಿರಿನ ದುಡ್ಡು ಓಡಾಡುತ್ತಿದ್ದಾಗ ನಮ್ಮ ರಸ್ತೆಗಳಲ್ಲಿ ಕಪ್ಪು ಗಾಜಿನ ಸ್ಕಾರ್ಪಿಯೊಗಳೇ. ಮುಂದೆ ಉಕ್ಕಿನ ಬುಲ್ ಬಾರ್, ಮೇಲೆ ಸಾಲು ದೀಪ, ಪಕ್ಕದಲ್ಲಿ ಮಿರುಗುವ ಫುಟ್‌ರೆಸ್ಟ್. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಹಾಕಿಸಿಕೊಂಡು ಬರಬಹುದಿತ್ತು. ಒಂದೊಂದಾಗಿ ಕಾನೂನು ಅವನ್ನು ಕಳಚಿತು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಗಾಜಿಗೆ ಅಂಟಿಸುವ ಫಿಲ್ಮನ್ನು ನಿಷೇಧಿಸಿತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ದಾರಿಹೋಕನಿಗೆ ತಗಲಿದರೆ ಆ ಉಕ್ಕು ಕೊಲ್ಲುತ್ತದೆ, ಒಳಗಿನ ಏರ್‌ಬ್ಯಾಗ್ ಸರಿಯಾಗಿ ಕೆಲಸ ಮಾಡದಂತೆಯೂ ಮಾಡಬಹುದು. ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ 2024ರ ಜುಲೈನಿಂದ ಕರ್ನಾಟಕದ ಪೊಲೀಸರು ಕೇಸು ಹಾಕತೊಡಗಿದರು. ಇವೆಲ್ಲ ಸರಿಯಾದ ಕ್ರಮಗಳೇ. ಎದುರಿನವನಿಗೆ ಅಪಾಯ ತರುವ ಅಲಂಕಾರವನ್ನು ಅಲಂಕಾರ ಎನ್ನಲು ನನಗೆ ಮನಸ್ಸು ಬಾರದು.

ನಂಬರ್ ಪ್ಲೇಟ್ ಬರೆಯುವ ಸಣ್ಣ ಆದಾಯವೂ ಹೋಯಿತು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅಚ್ಚೊತ್ತಿದ ಅತಿ ಸುರಕ್ಷಿತ ಪ್ಲೇಟ್ ಕಡ್ಡಾಯವಾಯಿತು. ಕ್ಯಾಬಿನ್ ಕೂಡ ಈಗ ಕಾರ್ಖಾನೆಯಲ್ಲೇ ಸಿದ್ಧವಾಗಿ, ಬಣ್ಣ ಬಳಿದುಕೊಂಡೇ ಬರುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರೀ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಇರಲೇಬೇಕು. ಮುಖಕ್ಕೆ ಟವೆಲ್ಲು ಸುತ್ತಿ ಚಾಸಿ ಓಡಿಸಿ ತಂದವರನ್ನು ಕಂಡ ನನಗೆ ಇದರಷ್ಟು ಸಂತೋಷದ ಸುದ್ದಿ ಬೇರೆ ಇಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್, ನಮ್ಮ ಅಪ್ಪು, ತೀರಿಕೊಂಡ ಮೇಲೆ ಕೆಲವು ತಿಂಗಳು ನಮಗೆ ಮತ್ತೆ ಕೆಲಸ ಬಂತು. ಅಪ್ಪು ಎಂದರೆ ಹೊಸಪೇಟೆ ಜೀವ ಬಿಡುವ ಊರು, ಮರುವರ್ಷ ಇಲ್ಲಿ ಅವರ ಪ್ರತಿಮೆಯೂ ನಿಂತಿತು. ಸ್ಟಿಕ್ಕರು ಎಲ್ಲ ಅಂಗಡಿಯಲ್ಲೂ ಸಿಗುತ್ತಿತ್ತು. ಆದರೂ ಕೆಲವು ಡ್ರೈವರುಗಳು ಬಂದು, “ಅಣ್ಣಾ, ಕೈಯಾಗೇ ಬರೀರಿ, ಅಪ್ಪು ನಗೋದು ಬರ್ಬೇಕು,” ಎಂದು ಕೂತರು. ಆ ನಗು ಬರೆಯುವುದು ಸುಲಭವಲ್ಲ. ಕೆನ್ನೆಯ ಮೇಲೆ ಬೆಳಕು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲೇ ಅದು ಇರುವುದು, ತುಟಿಯಲ್ಲಲ್ಲ.

ಈಗ ಕುಂಚಕ್ಕೆ ಕೆಲಸ ಇರುವುದು ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ. ಅವನ್ನು ಇನ್ನೂ ನಮ್ಮ ಊರುಗಳ ವೆಲ್ಡಿಂಗ್ ಶೆಡ್ಡುಗಳೇ ಕಟ್ಟುತ್ತವೆ, ಹಾಗಾಗಿ ಹಿಂಬಾಗಿಲು ಇನ್ನೂ ಖಾಲಿಯಾಗಿ ಬರುತ್ತದೆ. ಕಬ್ಬು ನುರಿಸುವ ಹಂಗಾಮು ಶುರುವಾಗುವ ಮುಂಚೆ ಬರೆದು ಒಣಗಿಸಿ ಕೊಡಬೇಕು. ನಾನು ಮೊದಲು ಕೆಂಪು ಪಟ್ಟಿ ಅಂಟಿಸುತ್ತೇನೆ, ಎರಡು ತುದಿಗೂ, ಕೆಳಗಿನ ಅಂಚಿಗೂ. ಹೆಸರನ್ನು ಉಳಿದ ಜಾಗದಲ್ಲಿ ಬರೆಯುತ್ತೇನೆ, ಒತ್ತಕ್ಷರಕ್ಕೆ ಗೆರೆ ಬಿಟ್ಟು.