ರೋಗಿ ಮಗುವಿಗಾಗಿ ಮತ್ತೊಂದು ಮಗು: ಜೈನ ದೃಷ್ಟಿ

ಥಲಸ್ಸೇಮಿಯಾದಂತಹ ರಕ್ತರೋಗವಿರುವ ಮಗುವಿಗೆ ಅಸ್ಥಿಮಜ್ಜೆ ನೀಡಬಲ್ಲ ತಮ್ಮ ಅಥವಾ ತಂಗಿಯನ್ನು ಪ್ರನಾಳ ಶಿಶು ವಿಧಾನದಲ್ಲಿ, ಭ್ರೂಣ ಪರೀಕ್ಷೆ ಮಾಡಿಸಿ ಪಡೆಯುವ ಕ್ರಮ ಈಗ ಭಾರತಕ್ಕೂ ಬಂದಿದೆ. ಅಮೆರಿಕದಲ್ಲಿ 2000ರಲ್ಲಿ ಇಂತಹ ಮೊದಲ ಮಗು ಹುಟ್ಟಿತು. ಅಹಮದಾಬಾದಿನಲ್ಲಿ 2018ರಲ್ಲಿ ಹುಟ್ಟಿದ ಹೆಣ್ಣುಮಗುವಿನ ಅಸ್ಥಿಮಜ್ಜೆಯನ್ನು 2020ರಲ್ಲಿ ಅವಳ ಅಣ್ಣನಿಗೆ ಕಸಿ ಮಾಡಲಾಯಿತು.

ಉಳಿದ ಭ್ರೂಣಗಳು

ತಂದೆ ತಾಯಿ ಇಬ್ಬರೂ ಥಲಸ್ಸೇಮಿಯಾ ವಾಹಕರಾಗಿದ್ದರೆ ಸರಾಸರಿ 4 ಭ್ರೂಣಗಳಲ್ಲಿ 3ಕ್ಕೆ ರೋಗವಿರುವುದಿಲ್ಲ. ಅಣ್ಣನಿಗೆ ಮಜ್ಜೆ ಹೊಂದುವುದು 4ರಲ್ಲಿ 1ಕ್ಕೆ ಮಾತ್ರ. ಎರಡೂ ಕೂಡಿಬರುವುದು 16ರಲ್ಲಿ 3ಕ್ಕೆ. ಆರೋಗ್ಯವಂತ ಭ್ರೂಣಗಳೂ ‘ಹೊಂದುವುದಿಲ್ಲ’ ಎಂದು ಬದಿಗೆ ಸರಿಯುತ್ತವೆ.

ಧರ್ಮದ ಪ್ರಶ್ನೆ

ಗರ್ಭಾಂಕುರದಲ್ಲೇ ಜೀವವಿದೆ ಎಂಬುದು ಜೈನರ ನಂಬಿಕೆ. ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಹಿಂಸೆಯ ದೋಷ ಬರುತ್ತದೆ. ಆದ್ದರಿಂದ ಭ್ರೂಣನಾಶ ಪ್ರಯೋಗಾಲಯದಲ್ಲಿ ನಡೆಯಿತೆಂದು ಶ್ರಾವಕರು ಹೊಣೆ ಕಳಚಿಕೊಳ್ಳುವಂತಿಲ್ಲ. ಕಣ್ಣೆದುರಿನ ಮಗುವನ್ನು ಉಳಿಸುವ ಕರುಣೆಯೂ ಧರ್ಮವೇ. ಸಂಕಟ ಇರುವುದು ಇಲ್ಲೇ. ಹುಟ್ಟುವ ಮಗುವೂ ಔಷಧವಲ್ಲ. ಕಸಿ ಫಲಿಸದಿದ್ದರೂ ಅದಕ್ಕೆ ಅದೇ ಮಮತೆ ಸಿಗಬೇಕು.

ಮೊದಲು ಮಾಡಬೇಕಾದದ್ದು

ಈಗಾಗಲೇ ಇರುವ ಒಡಹುಟ್ಟಿದವರ ಎಚ್‌ಎಲ್‌ಎ ಪರೀಕ್ಷೆ ಮಾಡಿಸಬೇಕು, ದಾನಿಗಳ ನೋಂದಣಿಯಲ್ಲಿ ಹುಡುಕಿಸಬೇಕು. ಸಮಾಜದ ಯುವಜನರು ದಾನಿಗಳಾಗಿ ಹೆಸರು ನೋಂದಾಯಿಸಿದರೆ ಅದು ಅಭಯದಾನಕ್ಕೆ ಸಮಾನ. ಮದುವೆ ಮಾತುಕತೆಯಲ್ಲಿ ಜಾತಕದ ಜೊತೆಗೆ ವಧೂವರರ ಎಚ್‌ಬಿ ಎ2 ರಕ್ತಪರೀಕ್ಷೆಯ ವರದಿಯನ್ನೂ ನೋಡಿದರೆ, ಇಬ್ಬರೂ ವಾಹಕರೇ ಎಂಬುದು ಮೊದಲೇ ತಿಳಿಯುತ್ತದೆ.